ಲಿಗೋರಿ ಗ್ಲಾಸು ಒರೆಸುತ್ತ ಹೇಳಿದ್ದು

ಅಮ್ಮತ್ತಿಯ ಕ್ಲಬ್ಬಿನಲ್ಲಿ ನಲವತ್ತೊಂದು ವರ್ಷ
ಗ್ಲಾಸು ಒರೆಸಿದವ ನಾನು, ಮಾರಾಯ್ರೆ.
ಕುಡಿದದ್ದು ಕಡಿಮೆ, ಮೂಸಿದ್ದು ಜಾಸ್ತಿ.
ಮುಚ್ಚಳ ತೆಗೆದ ಗಳಿಗೆಗೇ ಹೇಳಬಲ್ಲೆ
ಬಾಟಲಿ ಬಿಸಿಲು ಕಂಡಿದೆಯೋ ಇಲ್ಲವೋ.

ಬಾರಿನ ಗೋಡೆಗೆ ಒಂದು ಹಡಗಿನ ಚಿತ್ರ, ಗೆದ್ದಲು ತಿಂದ ಚೌಕಟ್ಟು.
ಅದರ ಕೆಳಗೆ ನಿಂತು ಹೊಸ ಮೆಂಬರುಗಳಿಗೆ
ಕತೆ ಹೇಳುವುದು ನನ್ನದೇ ಪಾಳಿ:
ಬಿಳಿಯರ ಊರಿಂದ ಆರು ತಿಂಗಳು,
ಎರಡು ಸಲ ಭೂಮಿಯ ನಡುಗೆರೆ ದಾಟಿ
ಆಫ್ರಿಕದ ಮೂಗು ಸುತ್ತಿ ಪೀಪಾಯಿ ಬರಬೇಕು ಸಾರ್,
ಸಾದಾ ಬಿಯರು ಅರ್ಧ ದಾರಿಗೇ ಹುಳಿ.
ಆಗ ಒಬ್ಬ ಜಾಣ, ಮಾವಿನ ಮಿಡಿಗೆ ಉಪ್ಪು ಸುರಿದ ಹಾಗೆ
ಹಾಪ್ಸ್ ಹೂವು ಸುರಿದ. ಕಹಿಯನ್ನೇ ಕಾವಲಿಗಿಟ್ಟ.
ಕತೆ ಮುಗಿದರೆ ತಟ್ಟೆಯಲ್ಲಿ ಹತ್ತು ರೂಪಾಯಿ.

ಅರ್ಧ ಸುಳ್ಳು, ಅಂದಳು ಚೋಂದಮ್ಮ.
ಪಾಲಿಬೆಟ್ಟದ ದಾರಿಯಲ್ಲಿ, ಅಜ್ಜನ ಹಳೇ ಪಲ್ಪರ್ ಶೆಡ್ಡಿನಲ್ಲಿ
ಬಿಯರು ಕುದಿಸುವ ಹುಡುಗಿ.
"ಯಾರೂ ಒಂದು ದಿನ ಕೂತು ಕಂಡುಹಿಡಿದದ್ದಲ್ಲ ಅಂಕಲ್.
ಕಪ್ಪು ಪೋರ್ಟರೂ ಅದೇ ಹಡಗಲ್ಲಿ ಬರುತ್ತಿತ್ತು,
ಸಿಪಾಯಿಗಳ ಪಾಲಿಗೆ, ಏನೂ ಕೆಡದೆ.
ಹೊಂಬಣ್ಣದ್ದು ಆಫೀಸರುಗಳ ಚಪಲ.
ಅಲ್ಲಿಯ ದೊಡ್ಡಮನೆಗಳವರು ಅಕ್ಟೋಬರಿನಲ್ಲಿ ಕುದಿಸಿ
ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮರೆತುಬಿಡುತ್ತಿದ್ದ ಬಿಯರು
ಇಲ್ಲಿಗೆ ಹೊರಟಿತು, ಅಲೆಯ ಮೇಲೆ ತೂಗಿತು,
ಬಿಸಿಗೆ ಬೇಗ ಹಣ್ಣಾಯಿತು. ಅಷ್ಟೇ."

ನನ್ನ ಹತ್ತು ರೂಪಾಯಿಗಳು!

ಅದಿರಲಿ. ದೊರೆಗಳು ಹೋದರು, ಕಹಿಯೂ ಹೋಯಿತು.
ಐಸು ಬಂತು, ನೀರಿನಂಥ ಲಾಗರು ಬಂತು,
ಪೆನ್ಶನ್ನಾದ ಮೇಜರುಗಳ ಜೊತೆ ರಮ್ಮು ಬಂದು
ಕಾಲು ಚಾಚಿ ಕೂತೇಬಿಟ್ಟಿತು.
ಕಹಿ ಉಳಿದದ್ದು ಅಡುಗೆಮನೆಯ ಕೈಪುಳಿಯಲ್ಲಿ ಮಾತ್ರ.

ಚೋಂದಮ್ಮ ಮೊದಲ ವರ್ಷ ಮಾಡಿದ್ದು ಬಿಯರಲ್ಲ, ಜಗಳ.
ಒಂದು ಗುಟುಕಿಗೆ ನಾಲಿಗೆ ಹಿಂದಕ್ಕೆ ಓಡಬೇಕು.
ಗಡ್ಡದ ಹುಡುಗರು ಬೈಕಲ್ಲಿ ಬಂದು ಪಂದ್ಯ ಕಟ್ಟಿ ಕುಡಿದರು,
ದನಕ್ಕೆ ಕೊಡುವ ಕಷಾಯವನ್ನು
ತಾವೇ ದುಡ್ಡು ಕೊಟ್ಟು ಕುಡಿದ ಹಾಗೆ.
ಮೂರನೇ ವರ್ಷಕ್ಕೆ ಅದೇ ಹುಡುಗರಿಗೆ ಕಹಿ ಬೇಡ.

"ಕುದಿಸಿದರೆ ಕಹಿ ಅಂಕಲ್, ತಣ್ಣಗೆ ನೆನೆಹಾಕಿದರೆ ಪರಿಮಳ.
ಹೂವು ಅದೇ."
ಕೊಟ್ಟಳು ಒಂದು ಗ್ಲಾಸು. ಅಕ್ಕಚ್ಚಿನ ಹಾಗೆ ಕಲಕು,
ಆಚೆಗಿಟ್ಟ ಬೆರಳು ಕಾಣದು.
ಇದನ್ನು ನಮ್ಮ ಕ್ಲಬ್ಬಿನಲ್ಲಿ ಕೊಟ್ಟಿದ್ದರೆ
ಕೆಲಸ ಹೋಗುತ್ತಿತ್ತು, ಅನ್ನುತ್ತ ಮೂಸಿದೆ.

ಕಿತ್ತಳೆ.

ಅಂಗಡಿಯದಲ್ಲ. ನಾಗಪುರದ್ದಲ್ಲ.
ಸಡಿಲ ಅಂಗಿ ತೊಟ್ಟ ನಮ್ಮದು,
ಕಾಫಿಗಿಡಗಳ ನಡುವೆ ನಿಂತು
ಸುಲಿದರೆ ಕಣ್ಣಿಗೇ ಚಿಮ್ಮುತ್ತಿದ್ದದ್ದು.
ಸಿದ್ದಾಪುರದ ಸಂತೆಯಲ್ಲಿ ಅಪ್ಪ ಲಾರಿಗೆ ಹೇರುತ್ತಿದ್ದ ಕುಕ್ಕೆಗಳು,
ಅವನ ಕುತ್ತಿಗೆಯ ಬೆವರಿಗೂ ಅದೇ ವಾಸನೆ.
ಕ್ರಿಸ್ಮಸ್ಸಿನ ಕೇಕಿಗೆಂದು
ತಗಡಿನ ಮೇಲೆ ಅಮ್ಮ ಒಣಗಿಸಿದ ಸಿಪ್ಪೆ.
ಆಮೇಲೆ ಒಂದು ವರ್ಷ ಎಲೆ ಹಳದಿಯಾಯಿತು.
ಮರ ಕಡಿದರು. ಆ ಜಾಗಕ್ಕೆ ಬೇರೆ ಮರ ನೆಟ್ಟು ಮೆಣಸು ಹಬ್ಬಿಸಿದರು,
ಮೆಣಸಿಗೆ ರೇಟಿತ್ತು; ಯಾರೂ ಅಳಲಿಲ್ಲ.

ಅಮೆರಿಕದ ಯಾವುದೋ ಕಣಿವೆಯಲ್ಲಿ
ದಾರಕ್ಕೆ ಹಬ್ಬಿ ಬೆಳೆದ ಹಸಿರು ಹೂವಿಗೆ
ಇದನ್ನು ಯಾರು ಹೇಳಿಕೊಟ್ಟರು?

"ಹೇಗಿದೆ?" ಅಂದಳು.
ಸ್ವಲ್ಪ ಜಾಸ್ತಿ ತಣ್ಣಗಾಯಿತು, ಅಂದೆ.
"ಇದೇ ಕೊನೆ ಅಂಕಲ್. ಜನ ಮತ್ತೆ ಕಹಿ ಕೇಳುತ್ತಿದ್ದಾರೆ.
ತಿಳಿಯಾದದ್ದು, ಹಳೇ ಥರದ್ದು, ನಿಮ್ಮ ಹಡಗಿನದ್ದು."
ನಕ್ಕಳು. ನಾನೂ ನಗಬೇಕಿತ್ತು.

ಎಷ್ಟು ಪೀಪಾಯಿ ಉಳಿದಿದೆ?
"ಒಂದೂವರೆ. ಕ್ಲಬ್ಬಿಗೆ ಕಳಿಸಲಾ?"
ಅಲ್ಲಿ ಯಾರು ಕುಡಿಯುತ್ತಾರೆ ಇದನ್ನು.
ಕಳಿಸು, ಅಂದೆ. ಬಿಲ್ಲಿನಲ್ಲಿ ಕ್ಲಬ್ಬಿನ ಹೆಸರು ಬೇಡ,
ನನ್ನದು ಬರಿ.